ಹೊಸ ಉಪಾಧ್ಯಾಯರೂ ಓರಗೆಯವರ ಒಡನಾಟವೂ

ಉಪಾಧ್ಯಾಯ ವೃತ್ತಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಗುರುಸ್ತುತಿಯಿಂದ ಮೊದಲುಮಾಡುತ್ತಾರೆ. ಗುರುವಿನ ಮಹಿಮೆಯನ್ನು ವರ್ಣಿಸುವಷ್ಟು ಪಾಂಡಿತ್ಯ ನನಗಿಲ್ಲ. ನಾನು ಹೇಳಹೊರಟಿರುವುದು ಇನ್ನೂ ಗುರುವಾಗದ, ಆಗಲೆತ್ನಿಸುತ್ತಿರುವ, ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ಮೊದಲ ಸಲ ತರಗತಿಯ ಬಾಗಿಲಲ್ಲಿ ನಿಂತಿರುವ ವ್ಯಕ್ತಿಯ ವಿಚಾರ. ಆ ಗಳಿಗೆಯಲ್ಲಿ ಅವನಿಗೆ ಅಥವಾ ಅವಳಿಗೆ ಯಾರು ದಿಕ್ಕು? ಪಠ್ಯಪುಸ್ತಕವೇ, ತರಬೇತಿ ಕಾಲೇಜಿನ ಟಿಪ್ಪಣಿಗಳೇ, ಮುಖ್ಯೋಪಾಧ್ಯಾಯರೇ, ಅಥವಾ ಪಕ್ಕದ ಕೋಣೆಯಲ್ಲಿ ಅಷ್ಟೇ ಹೆದರಿಕೊಂಡು ನಿಂತಿರುವ ಇನ್ನೊಬ್ಬ ಹೊಸಬರೇ? ನಮ್ಮ ತರಗತಿಯಲ್ಲಿ ಅನೇಕರು ಬರುವ ವರ್ಷ ಬಿ.ಎಡ್.ಗೆ ಅರ್ಜಿ ಹಾಕುವವರಿದ್ದೇವೆ. ಆದಕಾರಣ ಈ ಪ್ರಶ್ನೆ ನಮಗೆ ಕೇವಲ ಚರ್ಚಾಕೂಟದ ವಿಷಯವಲ್ಲ.

ಮೊದಲು ಬೇರೊಂದು ಕಸುಬಿನ ಮಾತು. ನಮ್ಮ ತಂದೆ ತಿಪಟೂರು ಸೀಮೆಯಲ್ಲಿ ಕಾಯಿ ಸುಲಿಯುವ ಕೆಲಸದವರು. ವರ್ಷದ ಹತ್ತಿರ ಅಟ್ಟದ ಮೇಲಿದ್ದು ಒಣಗಿದ ಕಾಯಿಯ ಸಿಪ್ಪೆ ತೆಗೆದು, ಕರಟ ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಬಿರುಕು ಬಿಡದಂತೆ ಹೊರತೆಗೆಯಬೇಕು. ಹೊಸಬನ ಕೈಯಲ್ಲಿ ಗಿಟುಕು ಒಡೆಯುತ್ತದೆ, ಒಡೆದದ್ದಕ್ಕೆ ಬೆಲೆಯಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಅವರು ಮೊದಲ ದಿನ ಕೆಲಸಕ್ಕೆ ಕುಳಿತಾಗ ಬಲಗಡೆಗೆ ಮೂವತ್ತು ವರ್ಷ ಪಳಗಿದ ಕೈಯ ಹಿರಿಯರೊಬ್ಬರು, ಎಡಗಡೆಗೆ ಇವರಿಗಿಂತ ಎರಡು ತಿಂಗಳು ಮೊದಲು ಸೇರಿದ್ದ ಒಬ್ಬ ಹುಡುಗ. ‘ಕೆಲಸ ಕಲಿತದ್ದು ಯಾರಿಂದ?’ ಎಂದು ಕೇಳಿದರೆ ಅಪ್ಪ ಇಂದಿಗೂ ಎಡಗಡೆಯ ಹುಡುಗನ ಹೆಸರನ್ನೇ ಹೇಳುತ್ತಾರೆ. ಹಿರಿಯರ ಕೈ ಓಡುವುದು ಕಣ್ಣಿಗೇ ಸಿಕ್ಕುತ್ತಿರಲಿಲ್ಲವಂತೆ. ಹುಡುಗನ ಕೈ ನಿಧಾನ, ಆದುದರಿಂದ ಕಾಣುತ್ತಿತ್ತು.

ಈ ಮಾತನ್ನು ನಾನು ಬಹುಕಾಲ ಲಘುವಾಗಿ ತೆಗೆದುಕೊಂಡಿದ್ದೆ. ಆಮೇಲೆ ಯೋಚಿಸಿದಾಗ ತಿಳಿಯಿತು: ದರ್ಜಿಯ ಅಂಗಡಿಯಲ್ಲಿ, ನಾಟಿಯ ಗದ್ದೆಯಲ್ಲಿ, ಗಾರೆ ಕೆಲಸದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಹೊಸಬರು ಕಲಿಯುವುದು ಹತ್ತು ಜನರ ಕಣ್ಣಳತೆಯಲ್ಲಿ. ಉಪಾಧ್ಯಾಯರ ಕಥೆ ಬೇರೆ. ಮೊದಲ ದಿನವೇ ಅವರ ಕೈಗೆ ಇಡೀ ತರಗತಿಯನ್ನು ಒಪ್ಪಿಸಿ ಬಾಗಿಲು ಹಾಕಿಬಿಡುತ್ತೇವೆ. ಒಳಗೆ ಎಷ್ಟು ಗಿಟುಕು ಒಡೆಯಿತೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಒಡೆದವರಿಗೂ ಅನೇಕ ವೇಳೆ ತಿಳಿಯುವುದಿಲ್ಲ.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞರಾಗಿದ್ದ ಡಾನ್ ಲಾರ್ಟಿ ಎಂಬವರು 1975ರಲ್ಲಿ ಪ್ರಕಟಿಸಿದ ‘ಸ್ಕೂಲ್‌ಟೀಚರ್’ ಎಂಬ ಗ್ರಂಥದಲ್ಲಿ ಶಾಲೆಯನ್ನು ಮೊಟ್ಟೆ ಜೋಡಿಸುವ ತಟ್ಟೆಗೆ ಹೋಲಿಸಿದ್ದಾರೆ. ಒಂದೊಂದು ಮೊಟ್ಟೆಗೆ ಒಂದೊಂದು ಗುಳಿ. ಒಂದಕ್ಕೊಂದು ತಾಗದಂತೆ ಏರ್ಪಾಡು. ಮೊಟ್ಟೆಗೆ ಅದು ಕ್ಷೇಮಕರವಿರಬಹುದು, ಮನುಷ್ಯರಿಗಲ್ಲ. ಅವರ ಇನ್ನೊಂದು ಮಾತು ನನಗೆ ಇನ್ನೂ ಹೆಚ್ಚಾಗಿ ನಾಟಿತು. ಪ್ರೌಢಶಾಲೆ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳ ಕಾಲ ಉಪಾಧ್ಯಾಯರನ್ನು ಎದುರಿಗೆ ಕುಳಿತು ನೋಡಿರುತ್ತಾನೆ. ಹೀಗಾಗಿ ಪಾಠ ಹೇಳುವುದೆಂದರೇನೆಂದು ತನಗೆ ಗೊತ್ತೆಂದೇ ಪ್ರತಿಯೊಬ್ಬನೂ ನಂಬಿರುತ್ತಾನೆ. ಆದರೆ ಅವನು ನೋಡಿರುವುದು ನಾಟಕವನ್ನು, ಪರದೆಯ ಹಿಂದಿನ ಸಿದ್ಧತೆಯನ್ನಲ್ಲ. ಮೇಷ್ಟ್ರು ಆ ಪ್ರಶ್ನೆಯನ್ನೇ ಏಕೆ ಕೇಳಿದರು, ನಡುವೆ ಏಕೆ ಸುಮ್ಮನಾದರು, ಹಿಂದಿನ ರಾತ್ರಿ ಏನನ್ನು ಬರೆದು ಹೊಡೆದುಹಾಕಿದರು ಎಂಬುದೊಂದೂ ಮುಂದಿನ ಬೆಂಚಿಗೂ ಕಾಣುವುದಿಲ್ಲ. ಪರಿಣಾಮವಾಗಿ, ಹೊಸಬರು ಕಷ್ಟದ ಗಳಿಗೆಯಲ್ಲಿ ತಮಗೆ ಪಾಠ ಹೇಳಿದವರು ಮಾಡಿದ್ದನ್ನೇ ಮಾಡುತ್ತಾರೆ. ಒಳ್ಳೆಯದನ್ನೂ ಮಾಡುತ್ತಾರೆ, ಕೆಟ್ಟದ್ದನ್ನೂ ಮಾಡುತ್ತಾರೆ.

ಕೆಟ್ಟದ್ದನ್ನು ನಾನೂ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗುವುದು ಪ್ರಾಮಾಣಿಕತೆಯಾಗಲಾರದು.

ದ್ವಿತೀಯ ಪಿ.ಯು.ಸಿ. ಮುಗಿಸಿದ ವರ್ಷ, ಎಂದರೆ 2022ರಲ್ಲಿ, ಮನೆಯ ಸಾಲದ ದೆಸೆಯಿಂದ ನಾನು ಕಾಲೇಜಿಗೆ ಸೇರಲಾಗಲಿಲ್ಲ. ನಮ್ಮ ಹೋಬಳಿ ಊರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ತಿಂಗಳಿಗೆ 5,000 ರೂಪಾಯಿನಂತೆ ಪಾಠ ಹೇಳಲು ನಿಂತೆ. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವಳೇ ನಾನೊಬ್ಬಳು. ಅಮ್ಮ ಊರೆಲ್ಲ ‘ನಮ್ಮ ಹುಡುಗಿ ಟೀಚರು’ ಎಂದು ಹೇಳಿಕೊಂಡು ಬಂದರು. ನನಗೆ ಒಪ್ಪಿಸಿದ್ದು ನಾಲ್ಕನೆಯ ತರಗತಿ, 31 ಮಕ್ಕಳು. ಬೋಧನೆಯ ಬಗೆಗೆ ನನಗೆ ಸಿಕ್ಕ ಉಪದೇಶವೆಲ್ಲ ಒಂದೇ ವಾಕ್ಯ: ‘ಕ್ಲಾಸಿನಲ್ಲಿ ಗಲಾಟೆ ಇರಬಾರದು.’

ಆ ಮಕ್ಕಳ ಸ್ಥಿತಿಯನ್ನೂ ಹೇಳಬೇಕು. ಅವರು ಒಂದನೆಯ ತರಗತಿ ಮುಗಿಸುವ ಹೊತ್ತಿಗೆ, 2020ರ ಮಾರ್ಚಿಯಲ್ಲಿ, ಕೊರೋನಾ ಬಂದು ಶಾಲೆ ಮುಚ್ಚಿತು. ಮತ್ತೆ ಸಣ್ಣ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಎರಡನೆಯ ತರಗತಿಯನ್ನು ಅವರು ಕಣ್ಣಿನಿಂದ ನೋಡಿರಲೇ ಇಲ್ಲ. ಮೂರನೆಯದನ್ನು ಅರ್ಧ ನೋಡಿದ್ದರು. ಹತ್ತು ವರ್ಷದ ಅನುಭವಿಗಳಿಗೇ ಕೈಗೆ ಹತ್ತದಿದ್ದ ವರ್ಷವದು. ನನಗೆ ಹದಿನೆಂಟೂ ತುಂಬಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ನಡೆಯುತ್ತಿತ್ತು. 52ರಲ್ಲಿ 38 ಹೋದರೆ ಎಷ್ಟು? ಒಬ್ಬ ಹುಡುಗ 26 ಎಂದು ಬರೆದ. ತಿದ್ದಿದೆ. ಮಾರನೆಯ ದಿನ 43ರಲ್ಲಿ 17 ಕೊಟ್ಟೆ. 34 ಎಂದು ಬರೆದ. ಮತ್ತೆ ತಿದ್ದಿದೆ. ಮೂರನೆಯ ದಿನವೂ ಇದೇ. ಹುಡುಗ ಬೇಕೆಂದೇ ಮಾಡುತ್ತಿದ್ದಾನೆಂದು ನನಗೆ ತೋರಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗು ನನ್ನನ್ನು ಕುರಿತೇ ಇರಬೇಕೆಂದುಕೊಂಡೆ. ಕೈಯಲ್ಲಿದ್ದ ಮರದ ಸ್ಕೇಲಿನಿಂದ ಅವನ ಅಂಗೈಗೆ ಎರಡೇಟು ಕೊಟ್ಟೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದು ನಿಷಿದ್ಧ. ಆ ಕಾಯಿದೆಯ ಹೆಸರು ನನಗೆ ಗೊತ್ತಿತ್ತು, ಪಿ.ಯು.ಸಿ.ಯ ಪರೀಕ್ಷೆಯಲ್ಲಿ ಶಿಕ್ಷಣದ ಹಕ್ಕಿನ ಮೇಲೆ ಬರೆದೂ ಇದ್ದೆ. ಹುಡುಗ ಅಳಲಿಲ್ಲ. ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ನನಗೆ ಕಾಣದಂತೆ ಎಡಗೈ ಅಡ್ಡವಿಟ್ಟುಕೊಂಡು ಬರೆಯತೊಡಗಿದ. ಅಳುವುದಕ್ಕಿಂತ ಅದು ಕಷ್ಟವಾಗಿತ್ತು.

ಮಧ್ಯಾಹ್ನ ಸಾಮಾನು ಕೋಣೆಯಲ್ಲಿ ಚಾಪೆಗಳ ಸುರುಳಿಯ ಮೇಲೆ ಕುಳಿತಿದ್ದೆ. ಅದೇ ಜೂನಿನಲ್ಲಿ ನನ್ನ ಜೊತೆಗೇ ಸೇರಿದ್ದ ಇನ್ನೊಬ್ಬರು, ಡಿ.ಎಡ್. ಆಗಿದ್ದವರು, ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಸೀಮೆಸುಣ್ಣ ತೆಗೆದುಕೊಳ್ಳಲು ಒಳಗೆ ಬಂದರು. ಅಲ್ಲಿಯವರೆಗೆ ನಮ್ಮ ಮಾತು ಊಟದ ಡಬ್ಬಿಯ ಪಲ್ಯದ ಆಚೆಗೆ ಹೋಗಿರಲಿಲ್ಲ.

‘ಏನಾಯ್ತು ಟೀಚರ್?’

‘ಏನಿಲ್ಲ ರೀ, ತಲೆನೋವು.’

ಅವರು ಬಾಗಿಲನ್ನು ಮುಂದಕ್ಕೆ ಎಳೆದು, ‘ನಂಗೂ ಹೋದ ವಾರ ಇದೇ ತಲೆನೋವು ಬಂದಿತ್ತು. ಇಲ್ಲೇ ಕೂತಿದ್ದೆ, ಈ ಚಾಪೆ ಮೇಲೇ’ ಎಂದರು.

ಈ ಒಂದು ಮಾತಿನಿಂದ ಆದ ಉಪಕಾರವನ್ನು ಹೇಗೆ ಹೇಳಲಿ? ಅದರಲ್ಲಿ ಸಲಹೆ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಅಲ್ಲಿಯವರೆಗೆ ‘ನನಗೆ ಈ ಕೆಲಸ ಬರುವುದಿಲ್ಲ’ ಎಂದಿದ್ದುದು, ಅಲ್ಲಿಂದ ಮುಂದೆ ‘ಈ ಕೆಲಸ ಕಷ್ಟ’ ಎಂದಾಯಿತು. ಮೊದಲನೆಯದು ಬರಿಯ ನಾಚಿಕೆ. ಅದನ್ನು ಯಾರಿಗೂ ಹೇಳುವಂತಿಲ್ಲ. ಎರಡನೆಯದು ಸಮಸ್ಯೆ, ಅದನ್ನು ನಾಲ್ಕು ಜನ ಕುಳಿತು ನೋಡಬಹುದು. ಓರಗೆಯವರಿಂದಲ್ಲದೆ ಈ ಬದಲಾವಣೆ ಆಗಲಾರದು. ಹಿರಿಯರು ‘ಮೊದಮೊದಲು ಎಲ್ಲರಿಗೂ ಹೀಗೇ’ ಎಂದರೆ ಅದು ಸೌಜನ್ಯದ ಮಾತಾಗಿ ಕೇಳುತ್ತದೆ. ಹೋದ ವಾರ ಅದೇ ಚಾಪೆಯ ಮೇಲೆ ಕುಳಿತಿದ್ದವರು ಹೇಳಿದರೆ ಅದು ಸಾಕ್ಷ್ಯವಾಗುತ್ತದೆ.

ಸಂಜೆ ಅವರು ಆ ಹುಡುಗನ ಪುಸ್ತಕವನ್ನು ತರಿಸಿ ನೋಡಿದರು. ಹಿಂದಿನ ಹತ್ತು ಲೆಕ್ಕಗಳ ಮೇಲೂ ಬೆರಳಾಡಿಸಿ, ‘ಇವನು ತಪ್ಪು ಮಾಡ್ತಿಲ್ಲ ಕಣ್ರೀ, ಒಂದು ನಿಯಮ ಪಾಲಿಸ್ತಿದಾನೆ. ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನ ಕಳೀತಿದಾನೆ’ ಎಂದರು. ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಮೂರು ಹೋದರೆ ಎರಡು, 26. ಏಳರಲ್ಲಿ ಮೂರು ಹೋದರೆ ನಾಲ್ಕು, ನಾಲ್ಕರಲ್ಲಿ ಒಂದು ಹೋದರೆ ಮೂರು, 34. ಒಂದನೆಯ ತರಗತಿಯಲ್ಲಿ ಯಾರೋ ‘ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದಿದ್ದರು. ಆಮೇಲೆ ಶಾಲೆಯೇ ಮುಚ್ಚಿಹೋಯಿತು. ಹುಡುಗ ಕೇಳಿದ ಮಾತನ್ನು ಉಳಿಸಿಕೊಂಡಿದ್ದ. ಮೂರು ದಿನ ನಾನು ಉತ್ತರವನ್ನು ತಿದ್ದಿದ್ದೆ, ಅವನ ಯೋಚನೆಯನ್ನು ಓದಿರಲೇ ಇಲ್ಲ. ಮಾರನೆಯ ದಿನ ತೆಂಗಿನ ಗರಿಯ ಪೊರಕೆ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ‘38 ಕಡ್ಡಿ ನನಗೆ ಕೊಡು’ ಎಂದೆವು. ಮೂರು ಕಟ್ಟು ಕೊಟ್ಟ. ಎಂಟು ಕೊಡಲು ಹೋಗಿ ಬಿಡಿ ಕಡ್ಡಿ ಎರಡೇ ಇದ್ದುದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚಿದ.

ಅಂದಿನಿಂದ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ವಾರಕ್ಕೊಂದು ಪೀರಿಯಡ್ಡು, ಬಿಡುವಿದ್ದಾಗ, ಅವರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ, ನಾನು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವುದು. ‘ನಿಮ್ಮದು ಚೆನ್ನಾಗಿತ್ತು’ ಎಂದು ಹೇಳಕೂಡದು, ಕಂಡದ್ದನ್ನು ಹೇಳಬೇಕು. ನಾನು ಪ್ರಶ್ನೆ ಕೇಳುವುದೆಲ್ಲ ಬಲಗಡೆಯ ಎರಡು ಸಾಲಿಗೇ ಎಂದು ಅವರು ಎಣಿಸಿ ಹೇಳಿದರು. ಪ್ರಶ್ನೆ ಕೇಳಿ ಮೂರು ಎಣಿಸುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತೇನೆಂದೂ ಹೇಳಿದರು. ಹಲಗೆಯ ಕಡೆ ಮುಖ ಮಾಡಿ ನಿಂತವರಿಗೆ ಇವೊಂದೂ ಕಾಣುವುದಿಲ್ಲ. ನಮ್ಮ ಬೆನ್ನನ್ನು ನಾವು ನೋಡಿಕೊಳ್ಳುವುದುಂಟೆ?

ಇಷ್ಟು ಹೇಳಿ, ಹೊಸಬರು ಹೊಸಬರ ಜೊತೆ ಸೇರಿಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ನಾನು ಸಾಧಿಸಹೊರಟರೆ ಅದು ಸುಳ್ಳಾಗುತ್ತದೆ. ನಾಲ್ಕನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲಾರದ ಆರೇಳು ಮಕ್ಕಳಿದ್ದರು. ನಾವಿಬ್ಬರೂ ತಿಂಗಳುಗಟ್ಟಲೆ ಒದ್ದಾಡಿದೆವು. ಒಬ್ಬರ ಅಜ್ಞಾನವನ್ನು ಇನ್ನೊಬ್ಬರು ಪ್ರೀತಿಯಿಂದ ಸಮರ್ಥಿಸಿದೆವು. ಕೊನೆಗೆ ಧೈರ್ಯಮಾಡಿ, ನಿವೃತ್ತಿಯಾದ ಮೇಲೆ ನಮ್ಮ ಶಾಲೆಗೆ ಬಂದಿದ್ದ ಹಿರಿಯ ಉಪಾಧ್ಯಾಯಿನಿಯೊಬ್ಬರನ್ನು ಕೇಳಿದೆವು. ಅವರು ತಲೆಯೆತ್ತದೆ, ‘ಪಾಠದ ಪುಸ್ತಕ ಮುಚ್ಚಿಡಿ. ಮೊದಲು ಅವರವರ ಹೆಸರು, ಆಮೇಲೆ ಗೆಳೆಯರ ಹೆಸರು ಓದಿಸಿ. ಹಾಜರಿ ಪುಸ್ತಕದಲ್ಲಿ ಇಲ್ಲದ ಅಕ್ಷರ ಎಷ್ಟಿದೆ ಹೇಳಿ’ ಎಂದರು. ಎರಡೇ ತಿಂಗಳಲ್ಲಿ ಅವರಲ್ಲಿ ನಾಲ್ವರು ಓದತೊಡಗಿದರು. ‘ಇದನ್ನು ಜೂನಿನಲ್ಲೇ ಹೇಳಬಹುದಾಗಿತ್ತಲ್ಲ ಅಮ್ಮ’ ಎಂದು ನಾವು ಕೇಳಿದಾಗ, ‘ನೀವು ಕೇಳಲೇ ಇಲ್ಲವಲ್ಲ’ ಎಂದರು. ನಿಜ, ಕೇಳಿರಲಿಲ್ಲ. ಒಬ್ಬೊಬ್ಬರೇ ಇದ್ದಾಗ ಕೇಳುವ ಧೈರ್ಯವಿರಲಿಲ್ಲ. ಇಬ್ಬರಾದ ಮೇಲೆ ಬಂತು. ಓರಗೆಯವರ ಸ್ನೇಹದ ಒಂದು ದೊಡ್ಡ ಪ್ರಯೋಜನ, ಅದು ಹಿರಿಯರ ಬಾಗಿಲು ತಟ್ಟುವ ಬಲ ಕೊಡುತ್ತದೆ ಎಂಬುದೇ.

ನಮ್ಮ ಈ ಅನುಭವಕ್ಕೆ ಹೊಂದುವಂಥ ಒಂದು ಸಂಶೋಧನೆಯನ್ನು ನಮ್ಮ ಅಧ್ಯಾಪಕರೊಬ್ಬರು ತೋರಿಸಿಕೊಟ್ಟರು. ಹಾರ್ವರ್ಡ್ ವಿಶ್ವವಿದ್ಯಾಲಯದ ಸೂಸನ್ ಮೂರ್ ಜಾನ್ಸನ್ ಅವರೂ ಅವರ ಸಹೋದ್ಯೋಗಿಗಳೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 50 ಮಂದಿ ಹೊಸ ಉಪಾಧ್ಯಾಯರನ್ನು ಕೆಲವು ವರ್ಷಗಳ ಕಾಲ ಹಿಂಬಾಲಿಸಿ, 2004ರಲ್ಲಿ ‘ಫೈಂಡರ್ಸ್ ಅಂಡ್ ಕೀಪರ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕೆಲವು ಶಾಲೆಗಳಲ್ಲಿ ಎಲ್ಲ ನಡವಳಿಕೆಯೂ ಹಳಬರ ಅನುಕೂಲಕ್ಕೆ ತಕ್ಕಂತೆ ಇರುತ್ತದೆ. ಅಲ್ಲಿ ಹೊಸಬರು ಅತಿಥಿಗಳಂತೆ ಇದ್ದು ಹೋಗುತ್ತಾರೆ. ಇನ್ನು ಕೆಲವು ಶಾಲೆಗಳಲ್ಲಿ ಹೊಸಬರೇ ತುಂಬಿರುತ್ತಾರೆ. ಅಲ್ಲಿ ಉತ್ಸಾಹ ಬೇಕಾದಷ್ಟು, ದಾರಿ ಬಲ್ಲವರಿಲ್ಲ. ಮೂರನೆಯ ಬಗೆಯ ಶಾಲೆಗಳಲ್ಲಿ ಹೊಸಬರು ಹಳಬರು ಬೆರೆತು, ಎಲ್ಲ ಮಕ್ಕಳೂ ಎಲ್ಲರ ಹೊಣೆ ಎಂಬ ಭಾವನೆಯಿಂದ ನಡೆಯುತ್ತಾರೆ. ಹೊಸಬರು ನೆಲೆನಿಲ್ಲಲು ಹೆಚ್ಚು ಅನುಕೂಲವಾದದ್ದು ಈ ಬಗೆಯ ಶಾಲೆಗಳಲ್ಲೇ ಎಂದು ಅವರು ಕಂಡುಕೊಂಡರು. ನಮ್ಮ ಹೋಬಳಿಯ ಶಾಲೆಗೆ ಹಾರ್ವರ್ಡಿನಿಂದ ಯಾರೂ ಬಂದಿರಲಿಲ್ಲವಾದರೂ ವರ್ಣನೆ ಚೆನ್ನಾಗಿ ಒಪ್ಪುತ್ತದೆ.

ಜಪಾನಿನವರು ಈ ವಿಚಾರದಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದಾರೆ. ಅಲ್ಲಿನ ಶಾಲೆಗಳಲ್ಲಿ ಉಪಾಧ್ಯಾಯರೆಲ್ಲರಿಗೂ ಒಂದೇ ದೊಡ್ಡ ಕೋಣೆ. ಒಂದೇ ತರಗತಿಗೆ ಪಾಠ ಹೇಳುವವರ ಮೇಜುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮೇಲಾಗಿ ‘ಜುಗ್ಯೋ ಕೆಂಕ್ಯೂ’, ಎಂದರೆ ಪಾಠದ ಅಧ್ಯಯನ, ಎಂಬ ಪದ್ಧತಿಯೊಂದಿದೆ. ನಾಲ್ಕಾರು ಮಂದಿ ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಸಿದ್ಧಪಡಿಸುತ್ತಾರೆ: ಯಾವ ಸಂಖ್ಯೆಯಿಂದ ಆರಂಭಿಸಬೇಕು, ಮಕ್ಕಳು ಏನೇನು ತಪ್ಪು ಉತ್ತರ ಹೇಳಬಹುದು, ಹಲಗೆಯ ಯಾವ ಮೂಲೆಯಲ್ಲಿ ಏನನ್ನು ಬರೆಯಬೇಕು ಎಂಬವರೆಗೆ. ಒಬ್ಬರು ಆ ಪಾಠವನ್ನು ಹೇಳುತ್ತಾರೆ. ಉಳಿದವರು ಮಕ್ಕಳ ಬೆಂಚುಗಳ ನಡುವೆ ನಿಂತು ಬರೆದುಕೊಳ್ಳುತ್ತಾರೆ. ಆಮೇಲೆ ಕುಳಿತು ಚರ್ಚೆ. ಕೆಲವು ವೇಳೆ ತಿದ್ದಿದ ಪಾಠವನ್ನು ಇನ್ನೊಬ್ಬರು ಇನ್ನೊಂದು ತರಗತಿಯಲ್ಲಿ ಹೇಳುವುದೂ ಉಂಟು. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ಇಬ್ಬರು ವಿದ್ವಾಂಸರು ‘ದಿ ಟೀಚಿಂಗ್ ಗ್ಯಾಪ್’ ಎಂಬ ಪುಸ್ತಕದಲ್ಲಿ ಇದನ್ನು ವಿವರಿಸಿದ ಮೇಲೆ ಹೊರಗಿನ ಪ್ರಪಂಚಕ್ಕೂ ಇದರ ಪರಿಚಯವಾಯಿತು. ಇದರ ಮರ್ಮವೆಲ್ಲ ಒಂದು ಸೂಕ್ಷ್ಮದಲ್ಲಿದೆ. ಪಾಠವನ್ನು ಎಲ್ಲರೂ ಸೇರಿ ಕಟ್ಟಿದ್ದರಿಂದ ಟೀಕೆ ಪಾಠಕ್ಕೆ ಬೀಳುತ್ತದೆ, ಪಾಠ ಹೇಳಿದವರಿಗಲ್ಲ. ಹೊಸಬರಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ.

ನಮ್ಮ ದೇಶದಲ್ಲಿ ಇದು ನಡೆದೇ ಇಲ್ಲವೆಂದು ತಿಳಿಯಬಾರದು. ಮಧ್ಯಪ್ರದೇಶದ ಹೋಷಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗಗಳ ಮೂಲಕ ಕಲಿಸುವ ಕಾರ್ಯಕ್ರಮವೊಂದು ಮೊದಲಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಆರಂಭಿಸಿದುವು. 1978ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ಹಳ್ಳಿಯ ಉಪಾಧ್ಯಾಯರು, ಅನೇಕರು ವಿಜ್ಞಾನವನ್ನೇ ಓದದವರು, ಇದ್ದಕ್ಕಿದ್ದಂತೆ ಮಕ್ಕಳ ಪ್ರಶ್ನೆಗಳಿಗೆ ಎದುರಾಗಬೇಕಾಯಿತು. ಆ ವಿಷಯದ ಮಟ್ಟಿಗೆ ಎಲ್ಲರೂ ಹೊಸಬರೇ. ಅವರನ್ನು ಉಳಿಸಿದ್ದು ಮಾಸಿಕ ಗೋಷ್ಠಿ. ಸುತ್ತಲಿನ ಶಾಲೆಗಳವರು ತಿಂಗಳಿಗೊಮ್ಮೆ ಒಂದು ಕೇಂದ್ರ ಶಾಲೆಯಲ್ಲಿ ಸೇರಿ, ಹಿಂದಿನ ತಿಂಗಳು ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ ಎಂದು ಹೇಳಿಕೊಂಡು, ಮುಂದಿನ ಅಧ್ಯಾಯದ ಪ್ರಯೋಗಗಳನ್ನು ತಾವೇ ಮಾಡಿನೋಡುತ್ತಿದ್ದರು. ಅಲ್ಲಿ ಬಂದ ಆಕ್ಷೇಪಗಳು ಪುಸ್ತಕವನ್ನೂ ತಿದ್ದಿಸುತ್ತಿದ್ದುವು. ಈ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು.

ನಮ್ಮ ನಾಡಿನ ಉದಾಹರಣೆ ಇನ್ನೂ ಸಮೀಪದ್ದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ‘ನಲಿ-ಕಲಿ’ ಆರಂಭವಾಯಿತು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಊರಿಗೆ ಹಿಂದಿರುಗಿದ ಮೇಲೆ ಜೊತೆಯಾಗಿ ಕುಳಿತು ಕಾರ್ಡುಗಳನ್ನು ಬರೆದರು, ಕಲಿಕೆಯ ಏಣಿಯನ್ನು ಜೋಡಿಸಿದರು, ತರಗತಿಯಲ್ಲಿ ನಿಲ್ಲದ್ದನ್ನು ಕಿತ್ತು ಮತ್ತೆ ಬರೆದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಅದನ್ನು ವಿಸ್ತರಿಸಲಾಯಿತು. ಕಾರ್ಡುಗಳು, ಏಣಿಯ ಚಿತ್ರಗಳು ಎಲ್ಲೆಲ್ಲಿಗೂ ಹೋದುವು. ಆದರೆ ಅವುಗಳನ್ನು ಹುಟ್ಟಿಸಿದ ಆ ಕೂಡಿ ಕೂರುವಿಕೆಯನ್ನು ಲಾರಿಯಲ್ಲಿ ಕಳುಹಿಸಲಾಗುವುದಿಲ್ಲವಷ್ಟೆ. ಕಾರ್ಡು ಕೈಗೆ ಬಂದ ಹೊಸಬರಿಗೂ, ಕಾರ್ಡು ಬರೆದ ಹಳಬರಿಗೂ ಇರುವ ವ್ಯತ್ಯಾಸ ಅಡಿಗೆಯ ಪುಸ್ತಕ ಓದುವವರಿಗೂ ಅಡಿಗೆ ಮಾಡಿದವರಿಗೂ ಇರುವಷ್ಟೇ ಎಂದು ನನ್ನ ಭಾವನೆ.

ಕಾಗದದ ಮೇಲೆ ಏರ್ಪಾಡುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಒಂದು ಪ್ರೌಢಶಾಲೆಯನ್ನೂ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನೂ ಒಂದು ಗುಂಪಾಗಿ ಹೆಣೆದು ಶಾಲೆಗಳ ಒಂಟಿತನವನ್ನು ಹೋಗಲಾಡಿಸಬೇಕೆಂದು ಸೂಚಿಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಅದೇ ಸೂಚನೆ ಮತ್ತೆ ಬಂದಿದೆ. ನಡುವೆ, 1990ರ ದಶಕದಿಂದ, ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದುವು. ಅಲ್ಲಿ ಸಮಾಲೋಚನಾ ಸಭೆಗಳೂ ನಡೆಯುತ್ತವೆ. ನಾನು ಬಲ್ಲ ಉಪಾಧ್ಯಾಯರು ಹೇಳುವಂತೆ, ಸಭೆಯ ಹೆಚ್ಚು ಹೊತ್ತು ಅಂಕಿ-ಅಂಶ ಒಪ್ಪಿಸುವುದಕ್ಕೂ ಸುತ್ತೋಲೆ ಓದುವುದಕ್ಕೂ ಸಲ್ಲುತ್ತದೆ. ವಾಟ್ಸಾಪ್ ಗುಂಪುಗಳದೂ ಅದೇ ಕಥೆ: ‘ತಕ್ಷಣ ಮಾಹಿತಿ ಕಳುಹಿಸಿ’ ಎಂಬ ಆಜ್ಞೆ, ಇಲ್ಲವೆ ಹೂವಿನ ಚಿತ್ರದ ಶುಭೋದಯ. 52ರಲ್ಲಿ 38 ಹೋದರೆ 26 ಏಕೆ ಬರುತ್ತದೆಂದು ಕೇಳಲು ಅಲ್ಲಿ ಯಾರಿಗೆ ಧೈರ್ಯ? ಮೇಲಧಿಕಾರಿಯೂ ಅದೇ ಗುಂಪಿನಲ್ಲಿದ್ದಾರೆ. ನಮ್ಮ ಕೆಲಸಕ್ಕೆ ಅಂಕ ಹಾಕುವವರ ಮುಂದೆ ನಮ್ಮ ಸೋಲನ್ನು ಬಿಚ್ಚಿಡುವುದು ಮನುಷ್ಯಸ್ವಭಾವಕ್ಕೆ ಒಗ್ಗದು. ಮಾರ್ಗದರ್ಶನ ಮಾಡುವವರೂ ವರದಿ ಬರೆಯುವವರೂ ಒಬ್ಬರೇ ಆದರೆ ಹೊಸಬರು ವರದಿಗೆ ತಕ್ಕ ಮುಖವನ್ನೇ ತೋರಿಸುತ್ತಾರೆ. ಓರಗೆಯವರ ಕೈಯಲ್ಲಿ ನಮ್ಮ ವರದಿ ಇಲ್ಲ; ಅವರ ಬೆಲೆ ಅದರಲ್ಲಿಯೇ ಇದೆ.

ಓರಗೆಯವರ ಕೂಟಕ್ಕೆ ಇರುವ ಕೆಡುಕನ್ನೂ ಮುಚ್ಚಿಡಬಾರದು. ಉಪಾಧ್ಯಾಯರ ಕೋಣೆಯಲ್ಲಿ ನಾಲ್ವರು ಸೇರಿದರೆ ಮಕ್ಕಳ ಜಾತಿ, ತಂದೆತಾಯಿಗಳ ಕುಡಿತ, ‘ಇವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂಬ ಮಾತು ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊಸಬರು ಆ ಮಾತನ್ನು ಬಹುಬೇಗ ಕಲಿಯುತ್ತಾರೆ, ಏಕೆಂದರೆ ಅದು ಎದೆಯ ಭಾರವನ್ನು ಇಳಿಸುತ್ತದೆ. ನಾನೂ ಇಂಥ ಮಾತಿನ ಮಕ್ಕಳಲ್ಲೊಬ್ಬಳು; ನಮ್ಮ ಮನೆಯನ್ನು ಕುರಿತು ಯಾವ ಕೋಣೆಯಲ್ಲಿ ಏನೇನು ಆಡಿಕೊಂಡಿದ್ದರೋ ತಿಳಿಯೆ. ಆದಕಾರಣ ಈ ವಿಚಾರದಲ್ಲಿ ನನಗೆ ಸ್ವಲ್ಪ ಕಟುತ್ವವಿದ್ದರೆ ವಾಚಕರು ಕ್ಷಮಿಸಬೇಕು. ನಮ್ಮಿಬ್ಬರ ಒಪ್ಪಂದ ಹಾಳಾಗದೆ ಉಳಿದದ್ದು ನಾವು ಒಳ್ಳೆಯವರೆಂಬ ಕಾರಣದಿಂದಲ್ಲ. ನಮ್ಮ ನಡುವೆ ಯಾವಾಗಲೂ ಒಂದು ಮಗುವಿನ ಪುಸ್ತಕ ತೆರೆದಿರುತ್ತಿತ್ತು ಎಂಬ ಕಾರಣದಿಂದ.

ಹಿಂದಿನವರಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ತರುಣ ಉಪಾಧ್ಯಾಯರಾಗಿದ್ದ ಬೇಂದ್ರೆಯವರ ಸುತ್ತ 1922ರ ಸುಮಾರಿಗೆ ಸೇರಿದ ‘ಗೆಳೆಯರ ಗುಂಪ’ನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ಓದುತ್ತೇವೆ, ಅದರಲ್ಲಿ ಪಾಠ ಹೇಳಿ ಜೀವನ ಸಾಗಿಸುತ್ತಿದ್ದವರು ಹಲವರಿದ್ದರೆಂಬುದನ್ನು ಮರೆಯುತ್ತೇವೆ. ಇನ್ನೂ ಹಿಂದಕ್ಕೆ ಹೋದರೆ ಪುಣೆಯ ಸಾವಿತ್ರಿಬಾಯಿ ಫುಲೆ. 1848ರಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟ ಆಕೆ ಬೀದಿಯ ಜನರಿಂದ ಪಟ್ಟ ಪಾಡನ್ನು ಎಲ್ಲರೂ ಬಲ್ಲರು. 1856ರ ಅಕ್ಟೋಬರಿನಲ್ಲಿ, ಕಾಯಿಲೆಯಿಂದ ತವರಿನಲ್ಲಿದ್ದಾಗ, ಪತಿ ಜ್ಯೋತಿಬಾ ಅವರಿಗೆ ಬರೆದ ಪತ್ರದಲ್ಲಿ ಆಕೆ ತಾನಿಲ್ಲದೆ ಫಾತಿಮಾಳ ಮೇಲೆ ಕೆಲಸದ ಹೊರೆ ಬಿದ್ದಿರುವುದನ್ನು ನೆನೆಯುತ್ತಾರೆ, ಆಕೆ ಗೊಣಗುವವಳಲ್ಲವೆಂದೂ ಹೇಳುತ್ತಾರೆ. ಕಾಯಿಲೆಯ ಹಾಸಿಗೆಯಲ್ಲಿ ನೆನಪಿಗೆ ಬಂದದ್ದು ಜೊತೆಗಾತಿಯ ಹೊರೆ. ಆ ಪತ್ರದ ವಿಚಾರ ಓದಿದಾಗ ನನಗೆ ಆ ಚಾಪೆಯ ಸುರುಳಿ ನೆನಪಾಯಿತು.

ಇನ್ನು, ಪಕ್ಕದ ಕೋಣೆಯೇ ಇಲ್ಲದವರ ಗತಿ? 2024-25ರ ಸರ್ಕಾರಿ ಅಂಕಿಗಳ ಪ್ರಕಾರ ಭಾರತದಲ್ಲಿ ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳು 1 ಲಕ್ಷಕ್ಕೂ ಹೆಚ್ಚು. ಮಲೆನಾಡಿನ ಅಥವಾ ಗಡಿ ತಾಲ್ಲೂಕಿನ ಅಂಥ ಶಾಲೆಗೆ ನಮ್ಮಲ್ಲೊಬ್ಬರು ನೇಮಕವಾಗುವುದು ಅಸಂಭವವೇನಲ್ಲ. ಅಲ್ಲಿ ಹಿಂದಿನ ಬೆಂಚಿನಲ್ಲಿ ಬಂದು ಕೂರುವವರು ಯಾರು? ಈ ಪ್ರಶ್ನೆಯನ್ನು ಕುರಿತು ನಮ್ಮ ತರಗತಿಯ ಐವರು ಗ್ರಂಥಾಲಯದ ಜಗಲಿಯಲ್ಲಿ ಕುಳಿತು ಮಾತನಾಡಿದೆವು. ಎಲ್ಲಿಗೆ ಹೋದರೂ, ಸರ್ಕಾರಿಯಾಗಲಿ ಖಾಸಗಿಯಾಗಲಿ ಅತಿಥಿಯಾಗಲಿ, ಮೊದಲ ವರ್ಷ ಪ್ರತಿ ಎರಡನೆಯ ಭಾನುವಾರ ದೂರವಾಣಿಯಲ್ಲಿ ಸೇರುವುದು. ಒಬ್ಬೊಬ್ಬರೂ ಒಂದು ಮಗುವಿನ ಒಂದು ಪುಟ ಬರಹವನ್ನು, ಹೆಸರು ಮರೆಮಾಡಿ, ಮುಂದಿಡುವುದು ಎಂದು ನಿಶ್ಚಯಿಸಿದ್ದೇವೆ. ಸಂಘವೆಂದು ಹೆಸರಿಟ್ಟಿಲ್ಲ, ಅಧ್ಯಕ್ಷರೂ ಇಲ್ಲ. ಸೇರಬಯಸುವವರು ಅಂತಿಮ ಬಿ.ಎ. ತರಗತಿಯಲ್ಲಿ ನನ್ನನ್ನು ಕೇಳಬಹುದು.

ನನ್ನ ಆ ಗೆಳತಿ ಈಗ ಬೇರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ನಾನು ಅವರನ್ನು ‘ಅಕ್ಕ’ ಎನ್ನುತ್ತೇನೆ. ಅವರು ನನಗೆ ‘ಟೀಚರ್’ ಎನ್ನುವುದನ್ನು ಬಿಟ್ಟು ಬಹಳ ದಿನವಾಯಿತು. ಹೋದ ಭಾನುವಾರ ರಾತ್ರಿ ಅವರ ಕರೆ ಬಂತು. ಐದನೆಯ ತರಗತಿಯ ಒಬ್ಬಳು ಹುಡುಗಿ 612ನ್ನು 6ರಿಂದ ಭಾಗಿಸಿ 12 ಎಂದು ಬರೆಯುತ್ತಾಳಂತೆ. ನಡುವಿನ ಸೊನ್ನೆಯನ್ನು ಎಷ್ಟು ಹೇಳಿದರೂ ಬಿಟ್ಟುಬಿಡುತ್ತಾಳಂತೆ.

‘ನಂಗೆ ಏನೂ ಹೊಳೀತಿಲ್ಲ ಅಕ್ಕ’ ಎಂದೆ.

‘ಹೊಳೀದಿದ್ರೆ ಬೇಡ ಕಣೇ, ಪೊರಕೆ ಕಡ್ಡಿ ತಗೊಂಡು ಕೂತ್ಕೋ. ನಾನೂ ಕೂತಿದೀನಿ’ ಎಂದರು.